ನಡಿಗೆಯ ಮಾತು: ಹಿಮದ ಕೆರೆಗಳ ದಾರಿಯಲ್ಲಿ ಐವರು

ಕಳೆದ ತಿಂಗಳ ಅಂಕಣದ ಕೊನೆಯಲ್ಲಿ ಕಾಶ್ಮೀರದ ಸರೋವರಗಳ ಚಾರಣದ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಸೋನಮಾರ್ಗ್‌ನಿಂದ ಹೊರಟು ವಿಷನ್‌ಸರ್, ಕಿಷನ್‌ಸರ್, ಗಡ್‌ಸರ್, ಸತ್‌ಸರ್, ಗಂಗಾಬಲ್, ನುಂದ್‌ಕೋಲ್ ಸರೋವರಗಳನ್ನು ಹಾದು ನಾರಾನಾಗ್‌ಗೆ ಇಳಿಯುವ ದಾರಿ ಅದು. 70 ಕಿಲೋಮೀಟರಿಗೂ ಮಿಕ್ಕಿ ನಡೆಯಬೇಕು, ಆರೇಳು ದಿನ ಹಿಡಿಯುತ್ತದೆ. ಆ ನಾಲ್ಕು ಸಾಲಿಗೆ ಬಂದ ಪತ್ರಗಳು ನನ್ನ ಮೇಜಿನ ಮೇಲೆ ಗುಡ್ಡೆ ಬಿದ್ದಿವೆ. ಹಾಗಾಗಿ ಈ ಸಲ ಬೇರೆ ದಾರಿಯ ಮಾತಿಲ್ಲ. ಪತ್ರ ಬರೆದವರ ಹೆಸರು ಬಿಟ್ಟು ಊರು ಮಾತ್ರ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ಅನ್ವಯಿಸುವ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ನಡೆದ ಮೇಲೆ ಕಣಿವೆಯ ಹಲವು ಪ್ರವಾಸಿ ತಾಣಗಳನ್ನು ಮುಚ್ಚಲಾಗಿತ್ತು. ಆಮೇಲೆ ಕೆಲವನ್ನು ಹಂತಹಂತವಾಗಿ ತೆರೆದರು. ಸೋನಮಾರ್ಗ್ ಮತ್ತು ನಾರಾನಾಗ್ ಎರಡೂ ಗಾಂದರ್ಬಲ್ ಜಿಲ್ಲೆಗೆ ಸೇರಿವೆ. ನೀವು ಹೋಗುವ ತಿಂಗಳಲ್ಲಿ ದಾರಿ ತೆರೆದಿರುತ್ತದೆಯೇ ಎಂದು ಅಲ್ಲಿನ ಆಡಳಿತವನ್ನು ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಟಿಕೆಟ್ ತೆಗೆಸಿ. ಯಾರೋ ಹೋಗಿ ಬಂದರಂತೆ ಎಂಬ ಮಾತನ್ನು ನಂಬಿ ಹೊರಡಬೇಡಿ.

ಪ್ರಶ್ನೆ: ನಾವು ಐದು ಜನ ಗೆಳೆಯರು, ಕಾಲೇಜಿನ ದಿನಗಳಿಂದ ಜೊತೆಗಿರುವವರು. ಈಗ ಎಲ್ಲರಿಗೂ 47, 48 ವರ್ಷ. ಆಗಸ್ಟ್‌ನಲ್ಲಿ ಈ ಚಾರಣಕ್ಕೆ ಹೋಗಬೇಕೆಂದಿದ್ದೇವೆ. ಕಪ್ಪತಗುಡ್ಡ ಬಿಟ್ಟರೆ ಬೇರೆ ಬೆಟ್ಟ ಹತ್ತಿದವರಲ್ಲ. ಒಬ್ಬ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾನೆ, ಆದರೆ ಅವನನ್ನು ಬಿಟ್ಟು ಹೋಗಲು ಯಾರಿಗೂ ಮನಸ್ಸಿಲ್ಲ. ದಾರಿಯಲ್ಲಿ ಯಾರೂ ನೋವು, ಸುಸ್ತು ಎಂದು ಗೊಣಗಿ ಉಳಿದವರ ಉತ್ಸಾಹ ಕೆಡಿಸಬಾರದು ಎಂದು ಈಗಲೇ ಕರಾರು ಮಾಡಿಕೊಂಡಿದ್ದೇವೆ. ತಯಾರಿ ಹೇಗಿರಬೇಕು, ಅಕ್ಕಾ?
ಓದುಗರು, ಬೆಟಗೇರಿ, ಗದಗ

ಉತ್ತರ: ತಮ್ಮಾ, ಮೊದಲು ಆ ಕರಾರನ್ನು ಮುರಿದು ಹಾಕಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಗೆಳೆಯನ ರಕ್ತದೊತ್ತಡವಲ್ಲ, ಆ ಕರಾರು.

ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದವಳು. 2018ರ ಆಗಸ್ಟ್‌ನಲ್ಲಿ ಗಳಿಕೆ ರಜೆ ಹಾಕಿ ಮೊದಲ ಸಲ ಆ ದಾರಿಗೆ ಹೋದೆ. ನಾವೂ ಐವರೇ: ಧಾರವಾಡದ ಮೂವರು, ಹುಬ್ಬಳ್ಳಿಯ ಒಬ್ಬಳು, ಬ್ಯಾಡಗಿಯ ಒಬ್ಬಳು. ಬಿ.ಎಡ್. ಓದುವಾಗ ಒಂದೇ ಹಾಸ್ಟೆಲಿನಲ್ಲಿದ್ದವರು. ಶ್ರೀನಗರದಲ್ಲಿ ಒಂದು ರಾತ್ರಿ, ಸೋನಮಾರ್ಗ್‌ನಲ್ಲಿ ಒಂದು ರಾತ್ರಿ ಕಳೆದು, ಮೂರನೆಯ ರಾತ್ರಿಗೆ ನಿಚ್‌ನಾಯ್ ಶಿಬಿರ ಸೇರಿದೆವು. ಶ್ರೀನಗರ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಸೋನಮಾರ್ಗ್ 2,700ರ ಮೇಲೆ, ನಿಚ್‌ನಾಯ್ ಶಿಬಿರ 3,500ರ ಹತ್ತಿರ. ಸುಮಾರು 700 ಮೀಟರಿನ ನಮ್ಮ ಊರಿನಲ್ಲಿ ಬೆಳೆದ ದೇಹವನ್ನು ಮೂರೇ ದಿನಗಳಲ್ಲಿ ಅಷ್ಟು ಮೇಲಕ್ಕೆ ಒಯ್ದಿದ್ದೆವು. ಸಮೋನ್ನತ ರೇಖೆಗಳನ್ನು ಮಕ್ಕಳಿಗೆ ವರ್ಷವರ್ಷವೂ ಬಿಡಿಸಿ ತೋರಿಸಿದ ನನಗೆ ಈ ಲೆಕ್ಕ ಗೊತ್ತಿತ್ತು.

ಆ ರಾತ್ರಿ ಹನ್ನೊಂದರ ಹೊತ್ತಿಗೆ ಹಣೆಯ ಸುತ್ತ ಹಗ್ಗ ಬಿಗಿದ ಹಾಗಾಯಿತು. ಊಟವೂ ಸೇರಿರಲಿಲ್ಲ. ಪಕ್ಕದಲ್ಲಿ ಬ್ಯಾಡಗಿಯ ಗೆಳತಿ ಮಲಗಿದ್ದಳು. ಮಕ್ಕಳ ಮದುವೆ, ಅತ್ತೆಯ ಆರೈಕೆ, ಮೆಣಸಿನಕಾಯಿ ಸುಗ್ಗಿ ಎಲ್ಲ ಮುಗಿಸಿ, ಹಿಮಾಲಯ ನೋಡಬೇಕೆಂಬ ಆಸೆಯನ್ನು ವರ್ಷಗಟ್ಟಲೆ ಕಟ್ಟಿಟ್ಟುಕೊಂಡು ಬಂದವಳು. ನನ್ನ ತಲೆನೋವಿಗಾಗಿ ಅವಳ ಪ್ರವಾಸ ಕೆಡಬಾರದು ಎಂದುಕೊಂಡೆ. ಕತ್ತಲಲ್ಲೇ ತಡಕಾಡಿ ಒಂದು ನೋವಿನ ಗುಳಿಗೆ ನುಂಗಿದೆ. ಬೆಳಿಗ್ಗೆ ನಿದ್ದೆ ಬಂತೇ ಎಂದು ಕೇಳಿದವರಿಗೆ ಚೆನ್ನಾಗಿ ಬಂತು ಎಂದೆ.

ಏರು ಶುರುವಾಗಿ ಒಂದು ತಾಸಿಗೆ ನೀರು ಕುಡಿಯಲು ನಿಂತೆವು. ಕುಡಿದು ಬಾಟಲಿಯ ಮುಚ್ಚಳ ಹಾಕಲು ಹೋದೆ. ಕೂರಲಿಲ್ಲ. ತಿರುಗಿಸಿದೆ, ಒತ್ತಿದೆ, ಮತ್ತೆ ತಿರುಗಿಸಿದೆ. ಬ್ಯಾಡಗಿಯ ಗೆಳತಿ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. "ಮುಚ್ಚಳವನ್ನು ತಲೆಕೆಳಗಾಗಿ ಹಿಡಿದಿದ್ದೀಯ" ಎಂದಳು. ಗೈಡ್ ಬಂದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತ ನೇರಕ್ಕೆ ಹತ್ತು ಹೆಜ್ಜೆ ನಡೆಯಲು ಹೇಳಿದರು. ಮೂರನೆಯ ಹೆಜ್ಜೆಗೇ ವಾಲಿದೆ. ಅವರು ಮತ್ತೇನೂ ವಿಚಾರಿಸಲಿಲ್ಲ. "ಈ ಬದಿಯಲ್ಲಿ ಇರುವಾಗಲೇ ಇಳಿದರೆ ಇಳಿದಂತೆ. ಪಾಸ್ ದಾಟಿಬಿಟ್ಟರೆ ಕೆಳಗೆ ಹೋಗುವುದಕ್ಕೂ ಮೊದಲು ಮೇಲೆ ಹತ್ತಬೇಕಾಗುತ್ತದೆ" ಎಂದರು. ಪಾಸ್ ಎಂದರೆ ಬೆಟ್ಟಸಾಲನ್ನು ದಾಟುವ ಎತ್ತರದ ದಾರಿ. ಈ ದಾರಿಯ ಕಷ್ಟವೆಲ್ಲ ಆ ಒಂದು ಮಾತಿನಲ್ಲಿದೆ. ವಿಷನ್‌ಸರ್ ತಲುಪಿದವರು ಹಿಂದಿರುಗಬೇಕೆಂದರೆ ಸುಮಾರು 4,100 ಮೀಟರಿನ ನಿಚ್‌ನಾಯ್ ಪಾಸನ್ನು ಮತ್ತೆ ಏರಬೇಕು, ಮುಂದೆ ಹೋಗಬೇಕೆಂದರೆ 4,200 ಮೀಟರಿನ ಗಡ್‌ಸರ್ ಪಾಸನ್ನು ಏರಬೇಕು.

ಮೂವರು ಮುಂದೆ ಹೋದರು. ನನ್ನನ್ನು ಕುದುರೆಯ ಮೇಲೆ ಕೂರಿಸಿ ಇಳಿಸಿದರು. ಬೇಡವೆಂದರೂ ಬ್ಯಾಡಗಿಯ ಗೆಳತಿ ನನ್ನ ಜೊತೆಗೇ ಬಂದಳು. ಸಂಜೆ ಸೋನಮಾರ್ಗ್‌ನಲ್ಲಿ ಚಹಾ ಕುಡಿಯುವ ಹೊತ್ತಿಗೆ ನನ್ನ ತಲೆ ಹಗುರಾಗಿತ್ತು. ಅವಳು ಬೈಯಲಿಲ್ಲ. ಊರಿನಿಂದ ತಂದಿದ್ದ ರೊಟ್ಟಿಯ ಸ್ಟೀಲ್ ಡಬ್ಬಿಯನ್ನು ತೆರೆದು ನನ್ನ ಮುಂದೆ ಇಟ್ಟಳು, ಅಷ್ಟೇ. ಹಿಂದಿನ ರಾತ್ರಿ ನಾನು ಅವಳನ್ನು ಎಬ್ಬಿಸಿ ಹೇಳಿದ್ದರೆ ಎಲ್ಲರೂ ನಿಚ್‌ನಾಯ್‌ನಲ್ಲಿ ಒಂದು ದಿನ ಹೆಚ್ಚಿಗೆ ಉಳಿಯಬಹುದಿತ್ತು, ಪ್ರಾಯಶಃ ಐವರೂ ಮುಂದೆ ಹೋಗಬಹುದಿತ್ತು. ಅವಳ ಪ್ರವಾಸ ಕೆಡಬಾರದೆಂದು ಬಾಯಿ ಮುಚ್ಚಿಕೊಂಡ ನಾನೇ ಅವಳ ಪ್ರವಾಸವನ್ನು ಕೆಡಿಸಿದ್ದೆ.

ಆದ್ದರಿಂದ ನಿಮ್ಮ ಕರಾರು ಹೀಗಿರಲಿ. ಪ್ರತಿ ಸಂಜೆ ಊಟಕ್ಕೆ ಮೊದಲು ಐವರೂ ಕೂತು, ತಲೆನೋವು ಇದೆಯೇ, ಊಟ ಸೇರುತ್ತಿದೆಯೇ, ಹಿಂದಿನ ರಾತ್ರಿ ನಿದ್ದೆ ಬಂತೇ ಎಂದು ಒಬ್ಬೊಬ್ಬರಾಗಿ ಬಾಯಿಬಿಟ್ಟು ಹೇಳಬೇಕು. ತಲೆನೋವು ಇದ್ದರೆ ಮರುದಿನ ಯಾರೂ ಮೇಲೆ ಹೋಗುವುದಿಲ್ಲ. ತೂರಾಡಿದರೆ, ಮಾತು ತಡವರಿಸಿದರೆ, ಕೂತಲ್ಲೇ ಏದುಸಿರು ಬಂದರೆ, ನಡುರಾತ್ರಿಯಾದರೂ ಸರಿ, ಇಳಿಯುವುದೇ ಮದ್ದು. 4,200 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 60ರಷ್ಟೇ ಇರುತ್ತದೆ. ಎಷ್ಟು ಗಟ್ಟಿ ಆಳಾದರೂ ದೇಹ ಅದಕ್ಕೆ ಒಗ್ಗಲು ದಿನಗಳು ಬೇಕು. ಮ್ಯಾರಥಾನ್ ಓಡುವ ಹುಡುಗರೂ ಮಲಗಿಬಿಡುತ್ತಾರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರಿಗಿಂತ ಹೆಚ್ಚು ಮೇಲಿರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಾಂತಿ ಬೇಕು ಎಂದು ವೈದ್ಯರು ಹೇಳುತ್ತಾರೆ. ಈ ದಾರಿಯ ಮೊದಲ ದಿನವೇ ಆ ನಿಯಮವನ್ನು ಮುರಿಯುತ್ತದೆ. ಅದಕ್ಕಾಗಿ ಸೋನಮಾರ್ಗ್‌ನಲ್ಲಿ ಎರಡು ರಾತ್ರಿ, ವಿಷನ್‌ಸರ್ ದಡದಲ್ಲಿ ಎರಡು ರಾತ್ರಿ ಇರಲೇಬೇಕು. ಯಾವುದೇ ಸಂಸ್ಥೆಯವರು ದಿನ ಕಡಿಮೆ ಮಾಡಿಕೊಡುತ್ತೇವೆ ಎಂದರೆ ಒಪ್ಪಬೇಡಿ.

ಎತ್ತರದ ಕಾಯಿಲೆ ತಡೆಯಲು ಅಸಿಟಜೋಲಮೈಡ್ ಎಂಬ ಗುಳಿಗೆ ಇದೆ. ಸಲ್ಫಾ ಔಷಧಗಳು ಒಗ್ಗದವರಿಗೆ ಅದು ಆಗಲಿಕ್ಕಿಲ್ಲ. ನಿಮ್ಮ ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ. ನುಂಗಿದ್ದೇವಲ್ಲ ಎಂಬ ಧೈರ್ಯದಲ್ಲಿ ಓಡಿ ಹತ್ತಬೇಡಿ.

ರಕ್ತದೊತ್ತಡದ ಗೆಳೆಯನನ್ನು ಬಿಡಬೇಕಿಲ್ಲ. ಮಾತ್ರೆಯಲ್ಲಿ ಒತ್ತಡ ಹತೋಟಿಯಲ್ಲಿರುವವರು ವೈದ್ಯರ ಒಪ್ಪಿಗೆ ಪಡೆದು ಹೋಗಿ ಬರುತ್ತಾರೆ. ಹತೋಟಿಗೆ ಬಾರದವರು ಹೋಗಬಾರದು. ಎರಡು ತಿಂಗಳು ಮುಂಚೆಯೇ ಅವರನ್ನು ಹೃದಯದ ವೈದ್ಯರ ಬಳಿ ಕರೆದೊಯ್ಯಿರಿ. ಗುಡ್ಡ ಹತ್ತುತ್ತೇನೆ ಎಂದಷ್ಟೇ ಹೇಳಿದರೆ ವೈದ್ಯರು ಕಪ್ಪತಗುಡ್ಡ ಎಂದುಕೊಂಡಾರು. 4,200 ಮೀಟರ್ ಎಂದು ಬಿಡಿಸಿ ಹೇಳಲಿ. ಮಾತ್ರೆಗಳನ್ನು ಎರಡು ಬೇರೆ ಬೇರೆ ಚೀಲಗಳಲ್ಲಿ ಇಡಿ, ಒಂದು ಕಳೆದರೆ ಇನ್ನೊಂದು ಇರುತ್ತದೆ.

ತಯಾರಿಗೆ ಮೂರು ತಿಂಗಳು ಬೇಕು. ಕಪ್ಪತಗುಡ್ಡ ನಿಮ್ಮ ಬಾಗಿಲಲ್ಲೇ ಇರುವುದು ನಿಮ್ಮ ಪುಣ್ಯ. ಭಾನುವಾರ ನಸುಕಿಗೆ ಹೋಗಿ, ಬೆನ್ನಿಗೆ ಎಂಟು ಕಿಲೋ ಹೊತ್ತು ಹತ್ತಿ, ಇಳಿಯಿರಿ. ಇಳಿಯುವ ಅಭ್ಯಾಸವನ್ನು ಎಲ್ಲರೂ ಮರೆಯುತ್ತಾರೆ. ಕೊನೆಯ ದಿನ ಗಂಗಾಬಲ್‌ನಿಂದ ನಾರಾನಾಗ್‌ಗೆ ಒಂದೇ ಸಮ ಇಳಿಜಾರು, ಒಂದು ಸಾವಿರ ಮೀಟರಿಗೂ ಹೆಚ್ಚು. ಅಲ್ಲಿ ಮೊಣಕಾಲು ಮತ್ತು ಹೆಬ್ಬೆರಳು ಎರಡೂ ಅಳುತ್ತವೆ. ಹೊರಡುವ ಮುನ್ನ ಕಾಲಿನ ಉಗುರು ಕತ್ತರಿಸಿಕೊಳ್ಳಿ, ಬೂಟು ಅರ್ಧ ಅಳತೆ ದೊಡ್ಡದಿರಲಿ, ಅದನ್ನು ಇಲ್ಲಿಯೇ ಎರಡು ತಿಂಗಳು ಮೆಟ್ಟಿ ಪಳಗಿಸಿ. ನಾರಾನಾಗ್‌ಗೆ ಇಳಿದ ಮೇಲೆ ಸುಸ್ತೆಂದು ನೇರವಾಗಿ ಜೀಪು ಹತ್ತಬೇಡಿ. ಎಂಟನೆಯ ಶತಮಾನದ ಲಲಿತಾದಿತ್ಯನ ಕಾಲದವೆಂದು ಹೇಳುವ ಶಿವಾಲಯಗಳ ಅವಶೇಷಗಳು ಅಲ್ಲಿವೆ, ಕಲ್ಲು ಕಟ್ಟಿದ ಹೊಂಡವೊಂದಿದೆ. ಲಕ್ಕುಂಡಿಯ ಬಾವಿಗಳನ್ನು ನೋಡುತ್ತ ಬೆಳೆದ ನೀವು ಅದರ ಮೆಟ್ಟಿಲ ಮೇಲೆ ಕೂತೇ ಕೂರುತ್ತೀರಿ.

2022ರಲ್ಲಿ ಬ್ಯಾಡಗಿಯ ಗೆಳತಿ ಮತ್ತು ನಾನು ಮತ್ತೆ ಹೋದೆವು, ಜೊತೆಗೆ ಹುಬ್ಬಳ್ಳಿಯ ಗೆಳತಿ. ದಿನಾ ಸಂಜೆ ತಲೆನೋವಿನ ಹಾಜರಿ ತೆಗೆದುಕೊಂಡೆವು. ವಿಷನ್‌ಸರ್‌ನಲ್ಲಿ ಹುಬ್ಬಳ್ಳಿಯವಳು ನೋವಿದೆ ಎಂದಳು. ಎರಡಿದ್ದ ರಾತ್ರಿಯನ್ನು ಮೂರು ಮಾಡಿದೆವು. ಕಿಷನ್‌ಸರ್ ಪಕ್ಕದಿಂದ ಗಡ್‌ಸರ್ ಪಾಸಿಗೆ ಏರುವಾಗ ಒಂದು ಕಡೆ ಹಿಂದಿರುಗಿ ನೋಡಿದರೆ ಎರಡೂ ಸರೋವರಗಳು ಒಟ್ಟಿಗೆ ಕಾಣುತ್ತವೆ. ಬ್ಯಾಡಗಿಯ ಗೆಳತಿ ಅಲ್ಲಿ ಚೀಲ ಇಳಿಸಿ ಕೂತಳು. ಕೆಳಗೆ ಒಂದರ ನೀರು ನವಿಲುಗರಿಯ ಬಣ್ಣ, ಇನ್ನೊಂದರದು ಅದಕ್ಕಿಂತ ಕಪ್ಪು. ಮೋಡ ಸರಿದ ಹಾಗೆ ಅವೆರಡೂ ಬಣ್ಣ ಬದಲಿಸಿಕೊಂಡವು. ಅವಳು ಅದೇ ಸ್ಟೀಲ್ ಡಬ್ಬಿ ತೆಗೆದಳು. ರೊಟ್ಟಿ ಅಷ್ಟು ಹೊತ್ತಿಗೆ ಚೂರುಚೂರಾಗಿತ್ತು. ಚೂರುಗಳನ್ನೇ ಮೂವರೂ ಹಂಚಿಕೊಂಡೆವು.

ಪ್ರಶ್ನೆ: ನಾವು ನಾಲ್ವರು, 24ರ ಆಸುಪಾಸಿನವರು. ಕುದುರೆ, ಅಡುಗೆಯವರು, ಗೈಡ್ ಯಾರೂ ಬೇಡ, ಟೆಂಟು ಮತ್ತು ಸ್ಟೌ ನಾವೇ ಹೊತ್ತು ಹೋಗಬೇಕೆಂಬ ಆಸೆ. ಚೀಲದಲ್ಲಿ ಏನಿರಬೇಕು? ಅಡುಗೆಗೆ ಏನು ಒಯ್ಯಬೇಕು?
ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಕುದುರೆ ಬೇಡ, ಅಡುಗೆಯವರೂ ಬೇಡ, ಒಪ್ಪಿದೆ. ಗೈಡ್ ಬೇಕು. ಗಡ್‌ಸರ್ ಪಾಸಿನಲ್ಲಿ ಮಂಜು ಕವಿದರೆ ಹತ್ತು ಮಾರು ಮುಂದಿನ ಬಂಡೆ ಕಾಣುವುದಿಲ್ಲ. ಜೊತೆಗೆ ಅದು ನಿಯಂತ್ರಣ ರೇಖೆಯ ಕಡೆಗಿನ ಪ್ರದೇಶ. ವಿಷನ್‌ಸರ್‌ನಿಂದ ಹೊರಡುವ ಕಿಷನ್‌ಗಂಗಾ ನದಿ ಮುಂದೆ ಆ ರೇಖೆ ದಾಟಿ ನೀಲಮ್ ಎನಿಸಿಕೊಳ್ಳುತ್ತದೆ. ದಾರಿಯಲ್ಲಿ ಸೇನೆಯ ತಪಾಸಣೆ ಇರುತ್ತದೆ, ಮೂಲ ಗುರುತಿನ ಚೀಟಿ ತೋರಿಸಬೇಕು. ದಾರಿ ತಪ್ಪಿ ಅಲೆಯುವ ಜಾಗ ಅದಲ್ಲ. ಊರಿನವರೊಬ್ಬರು ಜೊತೆಗಿದ್ದರೆ ಸೈನಿಕರೊಂದಿಗೂ ಕುರಿಗಾರರೊಂದಿಗೂ ಮಾತು ಸಲೀಸು. ಅವರಿಗೂ ನಾಲ್ಕು ಕಾಸಿನ ದುಡಿಮೆ.

ಚೀಲದ ತೂಕ ನಿಮ್ಮ ತೂಕದ ಐದನೆಯ ಒಂದು ಭಾಗ ದಾಟದಿರಲಿ. 60 ಕಿಲೋ ಇರುವವರಿಗೆ 12 ಕಿಲೋ. ಇದರೊಳಗೆ ಡೇರೆ, ಮಲಗುಚೀಲ, ಸ್ಟೌ, ಆಹಾರ, ಮಳೆಯಂಗಿ ಎಲ್ಲ ಹಿಡಿಸಬೇಕು, ಹಾಗಾಗಿ ಬಟ್ಟೆಯಲ್ಲಿ ಜಿಪುಣರಾಗಿ. ನಡೆಯಲು ಒಂದು ಜೊತೆ, ಮಲಗಲು ಒಣಗಿದ್ದು ಒಂದು ಜೊತೆ, ಸಾಕು. ಕಾಲುಚೀಲ ಮಾತ್ರ ನಾಲ್ಕು ಜೊತೆ ಬೇಕು. ಜೀನ್ಸ್ ಬೇಡವೇ ಬೇಡ, ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ. ಆಗಸ್ಟ್‌ನಲ್ಲೂ ರಾತ್ರಿ ಶೂನ್ಯ ಡಿಗ್ರಿಯ ಹತ್ತಿರಕ್ಕೆ ಇಳಿಯಬಹುದು, ಮಲಗುಚೀಲ ಅದಕ್ಕೆ ತಕ್ಕದ್ದಿರಲಿ. ಸ್ಟೌ ಊರಿನಿಂದ ಒಯ್ಯಿರಿ, ಆದರೆ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಾಗಲಿ ರೈಲಿನಲ್ಲಾಗಲಿ ಒಯ್ಯುವಂತಿಲ್ಲ. ಅದನ್ನು ಶ್ರೀನಗರದಲ್ಲೇ ಕೊಳ್ಳಬೇಕು.

ಇನ್ನು ಅಡುಗೆ. ವಿಷನ್‌ಸರ್ ದಡ ಸುಮಾರು 3,700 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕುದಿಯುವುದು ಕಣ್ಣಿಗೆ ಕಾಣುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. 2022ರಲ್ಲಿ ನಾವು ಕುಕ್ಕರ್ ಭಾರ ಎಂದು ಬಿಟ್ಟು ಹೋಗಿ ತೊಗರಿಬೇಳೆಯನ್ನು ಒಂದೂವರೆ ತಾಸು ಕುದಿಸಿದೆವು. ಚಮಚದಿಂದ ಒತ್ತಿದರೆ ಒಳಗೆ ಇನ್ನೂ ಕಾಳು ಕಾಳು. ಅರ್ಧ ಡಬ್ಬಿ ಗ್ಯಾಸ್ ಅದಕ್ಕೇ ಹೋಯಿತು. ನಾಲ್ಕು ಜನರಿದ್ದೀರಿ, ಎರಡು ಲೀಟರಿನ ಕುಕ್ಕರ್ ಒಯ್ಯಿರಿ. ಇಲ್ಲವಾದರೆ ತೊಗರಿಬೇಳೆ ಬಿಟ್ಟು, ಬೇಗ ಬೇಯುವ ಹೆಸರುಬೇಳೆಯನ್ನು ಬೆಳಿಗ್ಗೆಯೇ ನೆನೆಹಾಕಿ ಸಂಜೆ ಬೇಯಿಸಿ.

ನಮ್ಮ ಕಡೆಯ ಅಡುಗೆಮನೆ ಇಂಥ ದಾರಿಗೆಂದೇ ಹುಟ್ಟಿದೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಒಲೆ ಕೇಳುವುದಿಲ್ಲ. ಗಟ್ಟಿ ಡಬ್ಬಿಯಲ್ಲಿ ಒಯ್ದರೂ ನಾಲ್ಕನೆಯ ದಿನಕ್ಕೆ ಮುರಿದಿರುತ್ತದೆ, ಮುರಿದದ್ದನ್ನು ಬಿಸಿ ಸಾರಿನಲ್ಲಿ ನೆನೆಸಿದರೆ ಅದೇ ರಾತ್ರಿಯ ಊಟ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮೂರೂ ಪುಡಿ ಇರಲಿ. ಎತ್ತರದಲ್ಲಿ ಬಾಯಿ ರುಚಿ ಸತ್ತುಹೋಗುತ್ತದೆ, ಬ್ಯಾಡಗಿ ಮೆಣಸಿನಕಾಯಿ ಹಾಕಿದ ಚಟ್ನಿಪುಡಿ ಅದನ್ನು ಎಬ್ಬಿಸುತ್ತದೆ. ನಡೆಯುವಾಗ ಜೇಬಿನಲ್ಲಿ ಅಂಟಿನ ಉಂಡೆ, ಶೇಂಗಾ ಉಂಡೆ. ಬೆಳಿಗ್ಗೆಗೆ ಹಚ್ಚಿದ ಅವಲಕ್ಕಿ. ಹೋಳಿಗೆ ಬೇಡ, ಬೂಸರು ಬರುತ್ತದೆ.

ನೀರು ಎಷ್ಟೇ ತಿಳಿಯಾಗಿ ಕಂಡರೂ ಹಾಗೆಯೇ ಕುಡಿಯಬೇಡಿ. ಬೇಸಿಗೆಯುದ್ದಕ್ಕೂ ಬಕರವಾಲರ ಕುರಿ ಹಿಂಡುಗಳು ಮೇಲೆ ಮೇಯುತ್ತಿರುತ್ತವೆ. ಕುದಿ ಬಂದ ಮೇಲೆ ಮೂರು ನಿಮಿಷ ಬಿಟ್ಟು ಇಳಿಸಿ, ಅಥವಾ ಸೋಸುಕ ಬಳಸಿ. ಬಹಿರ್ದೆಸೆಗೆ ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ, ಗೇಣುದ್ದ ಗುಂಡಿ ತೆಗೆದು ಮುಚ್ಚಿ. ಬಿಸ್ಕತ್ತಿನ ಹಾಳೆಯಿಂದ ಹಿಡಿದು ಒಯ್ದದ್ದೆಲ್ಲ ನಿಮ್ಮ ಜೊತೆ ವಾಪಸು ಬರಬೇಕು. ಸತ್‌ಸರ್ ದಡದಲ್ಲಿ ನಾವು ಹೆಕ್ಕಿದ ನೂಡಲ್ಸ್ ಹಾಳೆಗಳಿಂದ ಒಂದು ಇಡೀ ಚೀಲ ತುಂಬಿತ್ತು. ಮೇಲೆ ಬರೆದಿದ್ದ ಅಕ್ಷರಗಳಲ್ಲಿ ಕನ್ನಡವೂ ಇತ್ತು, ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಪ್ರಶ್ನೆ: ನನ್ನ ಮಗಳಿಗೆ 23. ಮೂವರು ಹುಡುಗಿಯರು, ಇಬ್ಬರು ಹುಡುಗರು ಸೇರಿ ಈ ಚಾರಣಕ್ಕೆ ಹೊರಟಿದ್ದಾರೆ. ಬೇಡ ಎನ್ನಲು ಬಾಯಿ ಬರುವುದಿಲ್ಲ, ಹೋಗು ಎನ್ನಲು ಧೈರ್ಯ ಸಾಲುವುದಿಲ್ಲ. ಆರು ದಿನ ಫೋನೇ ಹತ್ತುವುದಿಲ್ಲವಂತೆ. ಮುಟ್ಟಿನ ದಿನ ಬಂದರೆ ಏನು ಮಾಡುತ್ತಾಳೆ?
ತಾಯಿ, ರಾಣೆಬೆನ್ನೂರು

ಉತ್ತರ: ತಂಗಿ, ಕಳುಹಿಸು. ಅವಳು ನಿನ್ನನ್ನು ಕೇಳಿದ್ದಾಳೆ, ಹೇಳದೆ ಹೊರಟಿಲ್ಲ. ಆ ವಿಶ್ವಾಸವನ್ನು ಕಳೆದುಕೊಳ್ಳಬೇಡ.

ಫೋನಿನ ಮಾತು ನಿಜ. ಸೋನಮಾರ್ಗ್ ಬಿಟ್ಟ ಮೇಲೆ ಕೊನೆಯವರೆಗೆ ಸಿಗ್ನಲ್ ಸಿಗುವ ಭರವಸೆ ಇಲ್ಲ. ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿರುವುದಿಲ್ಲ: ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಜಮ್ಮು ಮತ್ತು ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಐವರಲ್ಲಿ ಇಬ್ಬರ ಬಳಿಯಾದರೂ ಅದು ಇರಲಿ. ಹೊರಡುವ ಮುನ್ನ ಮಗಳು ಒಂದು ಹಾಳೆಯಲ್ಲಿ ದಿನಕ್ಕೊಂದರಂತೆ ಶಿಬಿರಗಳ ಹೆಸರು, ಗೈಡ್‌ನ ಹೆಸರು, ಅವರ ಮನೆಯ ಸಂಖ್ಯೆ, ನಾರಾನಾಗ್‌ಗೆ ಇಳಿಯುವ ತಾರೀಖು ಬರೆದುಕೊಡಲಿ. ಆ ತಾರೀಖಿಗೆ ಎರಡು ದಿನ ಸೇರಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೋ. ಯಾರಿಗಾದರೂ ತಲೆನೋವು ಬಂದು ಎಲ್ಲರೂ ಒಂದು ದಿನ ನಿಂತರೆ ತಡವಾಗುತ್ತದೆ, ತಡವಾದರೆ ಅವರು ಬುದ್ಧಿವಂತಿಕೆ ಮಾಡಿದ್ದಾರೆ ಎಂದೇ ತಿಳಿ. ಆ ಗುರುತಿನ ದಿನದವರೆಗೆ ಅವಳ ಗೆಳತಿಯರ ಮನೆಗಳಿಗೆಲ್ಲ ಫೋನು ಮಾಡಿ ಅವರನ್ನೂ ಗಾಬರಿಗೊಳಿಸಬೇಡ.

ಮುಟ್ಟಿನ ದಿನಗಳಲ್ಲಿ ನಾನು ಮತ್ತು ನನ್ನ ಗೆಳತಿಯರು ಬೇರೆ ಬೆಟ್ಟಗಳಲ್ಲಿ ನಡೆದಿದ್ದೇವೆ. ನಡೆಯಲು ಅಡ್ಡಿಯಿಲ್ಲ. ತೇದಿ ದೂರವಿದ್ದರೂ ಪ್ಯಾಡು ಅಥವಾ ಮುಟ್ಟಿನ ಕಪ್ ಒಯ್ಯಲಿ, ಎತ್ತರದಲ್ಲಿ ದಿನಗಳು ಹಿಂದು ಮುಂದಾಗುವುದುಂಟು. ಬಳಸಿದ ಪ್ಯಾಡನ್ನು ಹಾಳೆಯಲ್ಲಿ ಸುತ್ತಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ವಾಪಸು ತರಬೇಕು. ಹುಡುಗರು ಜೊತೆಗಿದ್ದಾರೆಂದು ಸಂಕೋಚ ಪಟ್ಟು ಇಡೀ ದಿನ ನೀರು ಕುಡಿಯದೆ ಇರುವ ಹುಡುಗಿಯರನ್ನು ನಾನು ಕಂಡಿದ್ದೇನೆ. ಅದು ಅಪಾಯ. ಎತ್ತರದಲ್ಲಿ ದೇಹ ಬೇಗ ಒಣಗುತ್ತದೆ, ಅದರಿಂದ ಬರುವ ತಲೆನೋವು ಎತ್ತರದ ಕಾಯಿಲೆಯದೋ ಬಾಯಾರಿಕೆಯದೋ ತಿಳಿಯದೆ ಗೊಂದಲವಾಗುತ್ತದೆ. "ಸ್ವಲ್ಪ ನಿಲ್ಲಿ, ನಾನು ಬಂಡೆಯ ಹಿಂದೆ ಹೋಗಿ ಬರುತ್ತೇನೆ" ಎಂದು ಐವರ ಮುಂದೆ ಗಟ್ಟಿಯಾಗಿ ಹೇಳುವುದನ್ನು ಮನೆಯಲ್ಲೇ ಅವಳಿಗೆ ರೂಢಿ ಮಾಡಿಸು.

ಪ್ರಶ್ನೆ: ಟೀಚರ್, ನೀವು ಒಮ್ಮೆ ಸರೋವರ ಎನ್ನುತ್ತೀರಿ, ಒಮ್ಮೆ ಕೆರೆ ಎನ್ನುತ್ತೀರಿ. ಎರಡೂ ಒಂದೇ ಅಲ್ಲವೇ?
ಹತ್ತನೆಯ ತರಗತಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿನ್ನ ಪ್ರಶ್ನೆ ಓದಿ ಮತ್ತೆ ತರಗತಿಗೆ ಹೋಗಿ ನಿಂತ ಹಾಗಾಯಿತು. ಕೆಲಗೇರಿ ಕೆರೆಗೆ ಹೋಗಿ ನೋಡು. ಒಂದು ಬದಿಗೆ ಉದ್ದಕ್ಕೆ ಏರಿ ಇದೆ, ಅದು ಮನುಷ್ಯರು ಮಣ್ಣು ಹೊತ್ತು ಹಾಕಿದ್ದು. ಏರಿ ತೆಗೆದರೆ ಕೆರೆ ಇಲ್ಲ. ಉಣಕಲ್ ಕೆರೆಯೂ ಹಾಗೆಯೇ. ಮನುಷ್ಯರ ಕೈ ಸೋಕದೆ ತಾನಾಗಿಯೇ ಆದದ್ದನ್ನು ಪಾಠದಲ್ಲಿ ಸರೋವರ ಎನ್ನುತ್ತೇವೆ.

ಆದರೆ ಗಂಗಾಬಲ್‌ನ ದಡದಲ್ಲಿ ನಿಂತಾಗ ನನ್ನ ಬಾಯಿಗೆ ಬಂದ ಮಾತು ಕೆರೆ ಎಂದೇ. ಏಕೆಂದರೆ ಅಲ್ಲಿಯೂ ಏರಿ ಇದೆ. ಹಿಂದೆ ಅಲ್ಲೆಲ್ಲ ಹಿಮನದಿಗಳಿದ್ದವು. ಹಿಮನದಿ ಬೆಟ್ಟದ ಮಡಿಲನ್ನು ಕೆರೆದು ಬಟ್ಟಲಿನಂತೆ ಕೊರೆಯುತ್ತದೆ. ಕೆರೆದ ಕಲ್ಲು ಮಣ್ಣನ್ನು ಮುಂದಕ್ಕೆ ತಳ್ಳಿ ರಾಶಿ ಹಾಕುತ್ತದೆ. ಹಿಮ ಕರಗಿ ಹಿಂದೆ ಸರಿದಾಗ ಬಟ್ಟಲಿನಲ್ಲಿ ನೀರು ನಿಲ್ಲುತ್ತದೆ, ಆ ರಾಶಿ ಏರಿಯಾಗುತ್ತದೆ. ಪುಸ್ತಕದಲ್ಲಿ ಅದಕ್ಕೆ ಮೊರೇನ್ ಎಂಬ ಹೆಸರು. ಕಾಲಿನಡಿ ಅದರ ಕಲ್ಲುಗಳನ್ನು ನೋಡಿದೆ: ನದಿಯ ಕಲ್ಲಿನ ಹಾಗೆ ಗುಂಡಗಿಲ್ಲ, ಮೂಲೆಗಳಿವೆ, ಹಿಟ್ಟಿನಂಥ ಮಣ್ಣಿನಿಂದ ಬಂಡೆಯವರೆಗೆ ಎಲ್ಲ ಗಾತ್ರದವೂ ಒಂದರಲ್ಲೊಂದು ಬೆರೆತು ಬಿದ್ದಿವೆ. ನೀರು ತಂದದ್ದಾಗಿದ್ದರೆ ದೊಡ್ಡದು ಸಣ್ಣದು ಬೇರೆ ಬೇರೆಯಾಗಿರುತ್ತಿತ್ತು. ಎದುರಿಗೆ ಹರ್ಮುಖ್ ಶಿಖರ, 5,142 ಮೀಟರ್, ಅದರ ಮೈಮೇಲೆ ಹಿಮನದಿ ಇನ್ನೂ ಇದೆ. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚಿತ್ರ ಅದು. ಅಲ್ಲಿ ನಿಂತು ಕೈಯಲ್ಲಿ ಮುಟ್ಟಿದಾಗ ಕಣ್ಣು ಒದ್ದೆಯಾಯಿತು. ಸರ್ ಎಂದರೆ ಅಲ್ಲಿನ ಮಾತಿನಲ್ಲಿ ಸರೋವರ, ಸತ್‌ಸರ್ ಎಂದರೆ ಏಳು ಸರೋವರ. ನಿನ್ನ ಪರೀಕ್ಷೆಯಲ್ಲಿ ಮಾತ್ರ ಸರೋವರ ಎಂದೇ ಬರೆ.

ಪ್ರಶ್ನೆ: ನಾನು ರೈತ. ಚಳಿಗಾಲದಲ್ಲಿ ನಮ್ಮ ಮಾಗಡಿ ಕೆರೆಗೆ ಬರುವ ಹೆಬ್ಬಾತುಗಳು ಬೆಳಗಿನ ಜಾವ ನನ್ನ ಹೊಲಕ್ಕೂ ಇಳಿಯುತ್ತವೆ. ಅವು ಹಿಮಾಲಯದ ಕೆರೆಗಳಿಂದ ಬರುತ್ತವೆ ಎನ್ನುತ್ತಾರೆ. ನೀವು ನೋಡಿದ ಕೆರೆಗಳಿಂದಲೇ ಬರುತ್ತವೆಯೇ?
ಓದುಗರು, ಶಿರಹಟ್ಟಿ ತಾಲ್ಲೂಕು, ಗದಗ ಜಿಲ್ಲೆ

ಉತ್ತರ: ಅಣ್ಣಾ, ನಾನು ನಡೆದ ಆ ದಾರಿಯಲ್ಲಿ ಅವು ನನಗೆ ಕಾಣಲಿಲ್ಲ. ಅವುಗಳ ತವರು ಇನ್ನೂ ಮೇಲೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುವ ಈ ಹೆಬ್ಬಾತುಗಳು ಟಿಬೆಟ್, ಮಂಗೋಲಿಯಾ, ನಮ್ಮ ಲಡಾಖ್‌ನ ಎತ್ತರದ ಸರೋವರಗಳ ದಡದಲ್ಲಿ ಮರಿ ಮಾಡುತ್ತವೆ. 2023ರ ಬೇಸಿಗೆಯಲ್ಲಿ ಬ್ಯಾಡಗಿಯ ಗೆಳತಿ ಮತ್ತು ನಾನು ಲಡಾಖ್‌ಗೆ ಹೋಗಿದ್ದೆವು, ಆ ಸಲ ಜೀಪಿನಲ್ಲಿ. ತ್ಸೋ ಮೊರಿರಿ ಸರೋವರ 4,500 ಮೀಟರಿಗೂ ಎತ್ತರದಲ್ಲಿದೆ. ಕೊರ್ಜೋಕ್ ಹಳ್ಳಿಯ ಕೆಳಗಿನ ಜೌಗಿನಲ್ಲಿ ತಾಯಿ ಹಕ್ಕಿ ಮುಂದೆ, ಬೂದು ಹಳದಿ ಬಣ್ಣದ ಐದು ಮರಿಗಳು ಹಿಂದೆ, ಸಾಲಾಗಿ ಹೋಗುತ್ತಿದ್ದವು. ಕೊನೆಯ ಮರಿ ಹಿಂದೆ ಬಿದ್ದಾಗ ತಾಯಿ ನಿಂತಿತು. ಗೆಳತಿ ನನ್ನ ಮುಖ ನೋಡಿ ನಕ್ಕಳು.

ನಾವು ಮೂರು ದಿನ ಕಾದು, ಗುಳಿಗೆ ನುಂಗಿ ಏರುವ ಎತ್ತರವನ್ನು ಆ ಹಕ್ಕಿ ಒಂದೇ ಹಾರಾಟದಲ್ಲಿ ದಾಟುತ್ತದೆ. ತೆಳು ಗಾಳಿಯಿಂದಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಅದರ ರಕ್ತಕ್ಕಿದೆ. ಉಪಕರಣ ಕಟ್ಟಿ ಅಳೆದಾಗ 7,200 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ತ್ಸೋ ಮೊರಿರಿ 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು, ನಿಮ್ಮ ಮಾಗಡಿ ಕೆರೆ 2024ರ ಜನವರಿಯಲ್ಲಿ. ಜಗತ್ತಿನ ಮುಖ್ಯ ಜೌಗು ನೆಲಗಳ ಆ ಪಟ್ಟಿಯಲ್ಲಿ ಈಗ ಎರಡೂ ಇವೆ.

ಹೊಲದ ನಷ್ಟ ನಿಮ್ಮದು, ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೂ ನೀವು ಅವುಗಳನ್ನು ಅಟ್ಟುತ್ತೇನೆ ಎಂದು ಬರೆಯದೆ ಎಲ್ಲಿಂದ ಬರುತ್ತವೆ ಎಂದು ಕೇಳಿದ್ದೀರಿ. ಡಿಸೆಂಬರ್‌ನಲ್ಲಿ ಬ್ಯಾಡಗಿಯ ಗೆಳತಿ ಮತ್ತು ನಾನು ಮಾಗಡಿಗೆ ಬರುವವರಿದ್ದೇವೆ. ನಿಮ್ಮ ಹೊಲ ಕೆರೆಯ ಯಾವ ಬದಿಗಿದೆ, ಅವು ಇಳಿಯುವ ಮೊದಲು ನಾವು ಎಷ್ಟು ಗಂಟೆಗೆ ಅಲ್ಲಿರಬೇಕು ಎಂದು ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ರೊಟ್ಟಿ ನಾವು ತರುತ್ತೇವೆ.